ತುರ್ತು ವೆಚ್ಚದ ಲೆಕ್ಕಾಚಾರ: ಖಜಾನೆಯಿಂದ ಕಾರ್ಖಾನೆಯವರೆಗೆ

ಗಡಿಯಲ್ಲಿ ಕದನ ಆರಂಭವಾದಾಗ, ನೆರೆಯ ದೇಶದಲ್ಲಿ ಭೂಕಂಪ ಸಂಭವಿಸಿದಾಗ, ಇಲ್ಲವೆ ದೂರದ ಖಂಡವೊಂದಕ್ಕೆ ಶಾಂತಿಪಾಲನಾ ಪಡೆಯನ್ನು ರವಾನಿಸಬೇಕಾದಾಗ ಸರ್ಕಾರವು ಮುಂದಿನ ಮುಂಗಡಪತ್ರದವರೆಗೆ ಕಾಯುವಂತಿಲ್ಲ. ಹಣ ತಕ್ಷಣವೇ ಬೇಕು. ಸಾಮಗ್ರಿ ಅದಕ್ಕಿಂತಲೂ ಬೇಗ ಬೇಕು. ಕಂಬಳಿ, ಡೇರೆ, ಔಷಧಿ, ಸಿದ್ಧ ಆಹಾರ, ಬೂಟು, ಬಿಡಿಭಾಗ ಇವೆಲ್ಲವೂ ಯಾವುದೋ ಊರಿನ ಯಾವುದೋ ಕಾರ್ಖಾನೆಯಿಂದಲೇ ಹೊರಡಬೇಕು. ಆದ್ದರಿಂದ ತುರ್ತು ವೆಚ್ಚವೆಂಬುದು ದೆಹಲಿಯ ಸಚಿವಾಲಯಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸಣ್ಣ ಉತ್ಪಾದಕನು ಇದರಲ್ಲಿ ಎರಡು ಬಗೆಯಲ್ಲಿ ಪಾಲುದಾರನಾಗುತ್ತಾನೆ: ಒಮ್ಮೆ ಸಾಮಗ್ರಿ ಪೂರೈಸುವವನಾಗಿ, ಇನ್ನೊಮ್ಮೆ ತೆರಿಗೆ ತೆರುವವನಾಗಿ. ಈ ಎರಡೂ ಪಾತ್ರಗಳಲ್ಲಿ ಆತನಿಗೆ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ಅರಿಯಲು ಈ ಹಣದ ಮೂಲವನ್ನೂ ಅದು ಹರಿಯುವ ದಾರಿಯನ್ನೂ ತಿಳಿಯುವುದು ಅಗತ್ಯ.

ಸಂವಿಧಾನದ ಏರ್ಪಾಡು

ಕಾನೂನಿನ ಮೂಲಕ ಮಂಜೂರಾಗದ ಒಂದು ರೂಪಾಯಿಯನ್ನೂ ಭಾರತದ ಸಂಚಿತ ನಿಧಿಯಿಂದ ತೆಗೆಯುವಂತಿಲ್ಲ ಎಂಬುದು ಸಂವಿಧಾನದ 114ನೆಯ ವಿಧಿಯ ತತ್ತ್ವ. ಆದರೆ ವಿಪತ್ತು ಸಂಸತ್ತಿನ ಅಧಿವೇಶನವನ್ನು ನೋಡಿ ಬರುವುದಿಲ್ಲ. ಆದಕಾರಣ ಸಂವಿಧಾನವೇ ಮೂರು ದಾರಿಗಳನ್ನು ತೆರೆದಿಟ್ಟಿದೆ.

ಮೊದಲನೆಯದು 267ನೆಯ ವಿಧಿಯ ಸಾದಿಲ್ವಾರು ನಿಧಿ. 1950ರ ಅಧಿನಿಯಮದನ್ವಯ ಸ್ಥಾಪಿತವಾದ ಈ ನಿಧಿಯಿಂದ ರಾಷ್ಟ್ರಪತಿಗಳ ಪರವಾಗಿ ಮುಂಗಡ ಪಡೆದು ಅನಿರೀಕ್ಷಿತ ವೆಚ್ಚವನ್ನು ಭರಿಸಬಹುದು. ಅನಂತರ ಸಂಸತ್ತಿನ ಮಂಜೂರಾತಿ ಪಡೆದು ಅಷ್ಟೇ ಮೊತ್ತವನ್ನು ನಿಧಿಗೆ ಹಿಂತುಂಬಬೇಕು. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಇದು ಗಲ್ಲಾಪೆಟ್ಟಿಗೆಯ ಕೈಗಾವಲು ಹಣವಿದ್ದಂತೆ. 500 ಕೋಟಿ ರೂಪಾಯಿಗಳಷ್ಟಿದ್ದ ಈ ನಿಧಿಯ ಮೊತ್ತವನ್ನು 2021ರಲ್ಲಿ 30,000 ಕೋಟಿ ರೂಪಾಯಿಗಳಿಗೆ ಏರಿಸಲಾಯಿತು. ಕೊರೋನಾ ಕಾಲದ ಅನುಭವವಾದ ಬಳಿಕ ಹಳೆಯ ಮೊತ್ತ ಏನೇನೂ ಸಾಲದೆಂಬುದು ಸ್ಪಷ್ಟವಾಗಿತ್ತು.

ಎರಡನೆಯದು 115ನೆಯ ವಿಧಿಯ ಪೂರಕ ಅನುದಾನ. ವರ್ಷದ ನಡುವೆ ಮಂಜೂರಾದ ಹಣ ಸಾಲದಿದ್ದರೆ ಸರ್ಕಾರ ಮತ್ತೆ ಸಂಸತ್ತಿನ ಮುಂದೆ ಬರಬೇಕು. ಪೂರಕ ಬೇಡಿಕೆಗಳಲ್ಲಿ ಹೊಸ ಹಣದ ಹೊರೆ ಇರುವಂತೆಯೇ ಬೇರೆ ಇಲಾಖೆಗಳ ಉಳಿತಾಯದಿಂದ ಸರಿದೂಗಿಸಿದ ಮೊತ್ತವೂ ಇರುತ್ತದೆ. ಒಂದು ಇಲಾಖೆಗೆ ತುರ್ತಾಗಿ ಹಣ ಬಂದಿತೆಂದರೆ ಇನ್ನೊಂದು ಇಲಾಖೆಯ ರಸ್ತೆಯೋ ನೀರಾವರಿ ಕಾಮಗಾರಿಯೋ ಹಿಂದೆ ಬಿದ್ದಿರಬಹುದು. ಅಂಥ ಕಾಮಗಾರಿಗಳಿಗೆ ಸಾಮಗ್ರಿ ಒದಗಿಸುವವರು ಇದನ್ನು ಗಮನದಲ್ಲಿಡಬೇಕು.

ಮೂರನೆಯ ದಾರಿಯನ್ನು ಹೇಳುವುದು 116ನೆಯ ವಿಧಿ. ಸೇವೆಯ ಗಾತ್ರವಾಗಲಿ ಸ್ವರೂಪವಾಗಲಿ ನಿಶ್ಚಿತವಿಲ್ಲದೆ ವಿವರವಾದ ಅಂದಾಜು ಕೊಡಲು ಸಾಧ್ಯವಾಗದಿದ್ದಾಗ ಲೋಕಸಭೆಯು ಒಟ್ಟು ಮೊತ್ತವನ್ನು ಮಂಜೂರು ಮಾಡಬಹುದು. ಯುದ್ಧದಂತಹ ಸಂದರ್ಭಕ್ಕೆ ಹೇಳಿ ಮಾಡಿಸಿದ ಅಧಿಕಾರವಿದು.

1962 ಮತ್ತು 1971ರ ಪಾಠಗಳು

ತುರ್ತು ವೆಚ್ಚದ ಬಿಸಿ ವ್ಯಾಪಾರ ಸಮುದಾಯಕ್ಕೆ ನೇರವಾಗಿ ತಟ್ಟಿದ್ದು 1962ರ ಚೀನಾ ಆಕ್ರಮಣದ ನಂತರ. 1963-64ರ ಮುಂಗಡಪತ್ರದಲ್ಲಿ ವಿತ್ತ ಸಚಿವ ಮೊರಾರ್ಜಿ ದೇಸಾಯಿಯವರು ರಕ್ಷಣೆಗೆ 867 ಕೋಟಿ ರೂಪಾಯಿಗಳನ್ನು ಒದಗಿಸಿದರು. ಈ ಹಣವನ್ನು ಹೊಂದಿಸಲು ಕಂಪನಿಗಳ ಮೇಲೆ ಅಧಿಕ ಲಾಭ ತೆರಿಗೆ ಬಂದಿತು. ಕಡ್ಡಾಯ ಠೇವಣಿ ಯೋಜನೆ ಜಾರಿಯಾಯಿತು. ಅದೇ ವರ್ಷದ ಜನವರಿಯಲ್ಲಿ ಭಾರತ ರಕ್ಷಣಾ ನಿಯಮಗಳನ್ವಯ ಬಂದ ಚಿನ್ನ ನಿಯಂತ್ರಣವು 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ತಯಾರಿಕೆಯನ್ನು ನಿಷೇಧಿಸಿ ಅಕ್ಕಸಾಲಿಗರ ಬದುಕನ್ನೇ ಅಲುಗಾಡಿಸಿತು. ಅಧಿಕ ಲಾಭ ತೆರಿಗೆಯು ಮರುವರ್ಷವೇ ಬೇರೆ ರೂಪ ತಾಳಿತಾದರೂ ಚಿನ್ನ ನಿಯಂತ್ರಣವು 1968ರಲ್ಲಿ ಪ್ರತ್ಯೇಕ ಅಧಿನಿಯಮವಾಗಿ, ರದ್ದಾಗಲು 1990ರವರೆಗೆ ಕಾಯಬೇಕಾಯಿತು.

ಇದರೊಡನೆ 1962ರಲ್ಲಿಯೇ ಸರಕುಗಳಿಗೂ ಕಾರ್ಖಾನೆಗಳಿಗೂ ತುರ್ತು ಅಪಾಯ ವಿಮೆಯ ಎರಡು ಅಧಿನಿಯಮಗಳು ಬಂದವು. ಸಾಮಾನ್ಯ ಬೆಂಕಿ ವಿಮೆಯಲ್ಲಿ ಯುದ್ಧದಿಂದಾದ ಹಾನಿಗೆ ಪರಿಹಾರವಿಲ್ಲದ ಕಾರಣ ಸರ್ಕಾರವೇ ವಿಮಾದಾರನಾಗಿ ನಿಂತು, ನಿಗದಿತ ಮೌಲ್ಯ ಮೀರಿದ ದಾಸ್ತಾನಿಗೆ ವಿಮೆಯನ್ನು ಕಡ್ಡಾಯಗೊಳಿಸಿತು. 1971ರಲ್ಲಿ ಇಂಥವೇ ಅಧಿನಿಯಮಗಳು ಮತ್ತೆ ಬಂದವು. ವರ್ತಕರಿಗೆ ಇದು ಒಂದು ಖರ್ಚೂ ಹೌದು, ಒಂದು ರಕ್ಷಣೆಯೂ ಹೌದು.

1971ರಲ್ಲಿ ಮಾನವೀಯ ನೆರವು ಮತ್ತು ಸೇನಾ ಕಾರ್ಯಾಚರಣೆ ಒಂದರ ಹಿಂದೊಂದು ಬಂದವು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಅವರಿಗೆ ಅನ್ನ, ವಸತಿ, ಔಷಧಿ ಒದಗಿಸುವ ವೆಚ್ಚವು ಮೊದಲ ಅಂದಾಜನ್ನು ಬಹುಬೇಗ ಮೀರಿತು. ವಿದೇಶಗಳಿಂದ ಬಂದ ನೆರವು ಸಾಲದೆ ಹೋದಾಗ ಕೇಂದ್ರ ಸರ್ಕಾರವು ಅಂಚೆ ವಸ್ತುಗಳ ಮೇಲೆ, ರೈಲು ಪ್ರಯಾಣದರದ ಮೇಲೆ, ಒಳನಾಡಿನ ವಿಮಾನ ಪ್ರಯಾಣದ ಮೇಲೆ ತೆರಿಗೆ ವಿಧಿಸಿತು. 1971ರ ನವೆಂಬರ್ 15ರಿಂದ ಪತ್ರಗಳಿಗೆ ಐದು ಪೈಸೆಯ ಹೆಚ್ಚುವರಿ ನಿರಾಶ್ರಿತರ ಪರಿಹಾರ ಅಂಚೆಚೀಟಿ ಅಂಟಿಸಬೇಕಾಯಿತು. ಅಂಚೆಯನ್ನೇ ನೆಚ್ಚಿ ವ್ಯವಹರಿಸುತ್ತಿದ್ದ ಅಂದಿನ ವ್ಯಾಪಾರಸ್ಥರಿಗೆ ಪ್ರತಿ ಬಿಲ್ಲು, ಪ್ರತಿ ಬೇಡಿಕೆಪತ್ರದ ಮೇಲೂ ಈ ಐದು ಪೈಸೆ ಬಿದ್ದಿತು. ಡಿಸೆಂಬರ್‌ನ ಯುದ್ಧ ಎರಡೇ ವಾರಗಳಲ್ಲಿ ಮುಗಿದರೂ ಈ ಅಂಚೆಚೀಟಿ 1973ರ ಮಾರ್ಚ್‌ವರೆಗೆ ಉಳಿಯಿತು.

ಕಾರ್ಗಿಲ್ ಮತ್ತು ಭುಜ್

1999ರ ಬೇಸಿಗೆಯಲ್ಲಿ ಕಾರ್ಗಿಲ್ ಶಿಖರಗಳಲ್ಲಿ ನಡೆದ ಕದನದ ಪರಿಣಾಮ ಮರುವರ್ಷದ ಮುಂಗಡಪತ್ರದಲ್ಲಿ ಎದ್ದು ಕಂಡಿತು. 1999-2000ರಲ್ಲಿ 45,694 ಕೋಟಿ ರೂಪಾಯಿಗಳಷ್ಟಿದ್ದ ರಕ್ಷಣಾ ಅಂದಾಜು 2000-01ರಲ್ಲಿ 58,587 ಕೋಟಿಗೆ ಏರಿತು. ಅದೇ ಮುಂಗಡಪತ್ರದಲ್ಲಿ ಒಂದೂವರೆ ಲಕ್ಷಕ್ಕೆ ಮೀರಿದ ವಾರ್ಷಿಕ ಆದಾಯದ ಮೇಲಿನ ಅಧಿಭಾರ ಶೇ. 15ಕ್ಕೆ ಹೆಚ್ಚಿತು.

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಭೂಕಂಪವಾಯಿತು. ಕೂಡಲೇ ಆದಾಯ ತೆರಿಗೆಯ ಮೇಲೆ ಶೇ. 2ರ ಅಧಿಭಾರ ಬಂದಿತು. ಮುಂದಿನ ಮುಂಗಡಪತ್ರದಲ್ಲಿ ಉಳಿದ ಅಧಿಭಾರಗಳು ತೊಲಗಿದರೂ ಇದು ಮಾತ್ರ ಉಳಿಯಿತು. ಸಿಗರೇಟು, ಪಾನ್ ಮಸಾಲ ಮೊದಲಾದ ವಸ್ತುಗಳ ಮೇಲೆ ರಾಷ್ಟ್ರೀಯ ವಿಪತ್ತು ಸಾದಿಲ್ವಾರು ಸುಂಕವನ್ನು ಹೊಸದಾಗಿ ವಿಧಿಸಲಾಯಿತು. 2002ರಲ್ಲಿ ಗಡಿಯಲ್ಲಿ ಸೇನೆ ಜಮಾವಣೆಗೊಂಡಿದ್ದ ಕಾಲಕ್ಕೆ ರಾಷ್ಟ್ರದ ಭದ್ರತೆಯ ಹೆಸರಿನಲ್ಲಿ ಅಧಿಭಾರ ಶೇ. 5ಕ್ಕೆ ಏರಿತು. ಭೂಕಂಪದ ನೆಪದಲ್ಲಿ ಹುಟ್ಟಿದ ಆ ಸುಂಕವಂತೂ 2017ರಲ್ಲಿ ಜಿ.ಎಸ್.ಟಿ. ಬಂದು ಹಲವು ಸುಂಕಗಳು ಅಳಿದ ಬಳಿಕವೂ ತಂಬಾಕು ಉತ್ಪನ್ನಗಳ ಮೇಲೆ ಉಳಿದುಕೊಂಡಿತು. ತುರ್ತಿನಲ್ಲಿ ಬಂದ ಕರಭಾರ ತುರ್ತಿನಲ್ಲಿಯೇ ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾರ್ಗಿಲ್ ಇನ್ನೊಂದು ಪಾಠವನ್ನೂ ಕಲಿಸಿತು. ಆಪರೇಷನ್ ವಿಜಯ್‌ಗಾಗಿ ಮಾಡಿದ ತುರ್ತು ಖರೀದಿಗಳನ್ನು ಪರಿಶೀಲಿಸಿದ ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು 2001ರ ವರದಿಯಲ್ಲಿ, ಸಾಮಗ್ರಿಗಳ ಬಹುಪಾಲು ಕದನ ಮುಗಿದ ನಂತರವೇ ಸೇನೆಗೆ ತಲುಪಿತೆಂದು ಟೀಕಿಸಿದರು. ಕೆಲವು ಖರೀದಿಗಳ ವಿಚಾರಣೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯಗಳಲ್ಲಿ ನಡೆಯಿತು. ತುರ್ತಿನ ಕಾರಣಕ್ಕೆ ಟೆಂಡರ್ ವಿಧಿವಿಧಾನಗಳು ಸಡಿಲಗೊಳ್ಳಬಹುದು. ಆದರೆ ಲೆಕ್ಕಪರಿಶೋಧನೆ ಎಂದಿಗೂ ಸಡಿಲಗೊಳ್ಳುವುದಿಲ್ಲ.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ಇದೇ ಕೆಲಸ ತುರ್ತು ಪೂರಕ ವಿನಿಯೋಗ ಕಾಯಿದೆಗಳ ಮೂಲಕ ನಡೆಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಾದ ಒಂದೇ ವಾರದಲ್ಲಿ 4,000 ಕೋಟಿ ಡಾಲರುಗಳ ತುರ್ತು ಕಾಯಿದೆ ಜಾರಿಗೆ ಬಂದಿತು. ಮುಂದೆ ಆಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳ ವೆಚ್ಚವನ್ನು ಹಲವು ವರ್ಷ ವಾರ್ಷಿಕ ಮುಂಗಡಪತ್ರದ ಹೊರಗೆ ಇಂಥ ಪೂರಕ ಕಾಯಿದೆಗಳಿಂದಲೇ ಭರಿಸಲಾಯಿತು. 2024ರ ಏಪ್ರಿಲ್‌ನಲ್ಲಿ ಅಂಗೀಕೃತವಾದ ಸುಮಾರು 9,500 ಕೋಟಿ ಡಾಲರುಗಳ ನೆರವಿನಲ್ಲಿ ಉಕ್ರೇನ್, ಇಸ್ರೇಲ್ ಮತ್ತು ಹಿಂದೂ-ಪೆಸಿಫಿಕ್ ಪ್ರದೇಶದ ಸೇನಾ ವೆಚ್ಚದ ಜೊತೆಗೆ ಮಾನವೀಯ ನೆರವೂ ಸೇರಿತ್ತು. ಆ ಹಣದ ದೊಡ್ಡ ಪಾಲು ಅಮೆರಿಕದ ಕಾರ್ಖಾನೆಗಳಿಗೇ ಆದೇಶಗಳಾಗಿ ಮರಳಿತೆಂಬುದು ಗಮನಾರ್ಹ. ವರ್ಷಗಟ್ಟಲೆ ನಡೆಯುವ ಯುದ್ಧವನ್ನು ತುರ್ತು ಎಂದು ಕರೆಯುವುದು ಎಷ್ಟು ಸರಿ ಎಂಬ ಚರ್ಚೆಯೂ ಅಲ್ಲಿ ಅಷ್ಟೇ ಕಾಲದಿಂದ ನಡೆದಿದೆ.

ಶಾಂತಿಪಾಲನೆ: ಕೊಟ್ಟ ಮೇಲೆ ಕಾಯುವ ಹಣ

ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಭಾರತದ ಪಾತ್ರ ಹಿರಿದು. ಐವತ್ತರ ದಶಕದಿಂದೀಚೆಗೆ 50ಕ್ಕೂ ಹೆಚ್ಚು ಕಾರ್ಯಾಚರಣೆಗಳಲ್ಲಿ ಸುಮಾರು 2,90,000 ಭಾರತೀಯರು ಸೇವೆ ಸಲ್ಲಿಸಿದ್ದಾರೆ. ಸುಮಾರು 180 ಮಂದಿ ಪ್ರಾಣ ತೆತ್ತಿದ್ದಾರೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ಮರಳಿಕೆಯ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗ 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ನಿಧನರಾದರು.

ಇದರ ಹಣಕಾಸಿನ ವ್ಯವಸ್ಥೆ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವಂಥದು. ಪಡೆ ಕಳುಹಿಸುವ ರಾಷ್ಟ್ರ ಮೊದಲು ತನ್ನ ಖರ್ಚಿನಲ್ಲಿ ಯೋಧರನ್ನು ಸಜ್ಜುಗೊಳಿಸುತ್ತದೆ. ಬಳಿಕ ವಿಶ್ವಸಂಸ್ಥೆಯು ತಲೆಯೊಂದಕ್ಕೆ ತಿಂಗಳಿಗೆ ಇಂತಿಷ್ಟೆಂದು ಮರುಪಾವತಿ ಮಾಡುತ್ತದೆ. 2002ರಿಂದ ಹನ್ನೆರಡು ವರ್ಷ 1,028 ಡಾಲರುಗಳಲ್ಲೇ ನಿಂತಿದ್ದ ಮೂಲ ದರ 2014ರಲ್ಲಿ 1,332ಕ್ಕೆ, 2018ರಲ್ಲಿ 1,428ಕ್ಕೆ ಏರಿತು. ವಾಹನ, ಜನರೇಟರ್ ಮೊದಲಾದ ಉಪಕರಣಗಳಿಗೆ 1996ರಿಂದ ಬಾಡಿಗೆ ಪದ್ಧತಿಯಿದೆ. ದುರಸ್ತಿ, ಬಿಡಿಭಾಗಗಳ ಹೊಣೆಯನ್ನೂ ರಾಷ್ಟ್ರವೇ ಹೊತ್ತರೆ ಹೆಚ್ಚಿನ ದರ. ಉಪಕರಣ ಮಾತ್ರ ಕೊಟ್ಟರೆ ಕಡಿಮೆ ದರ. ತಪಾಸಣೆಯಲ್ಲಿ ವಾಹನ ಕೆಟ್ಟು ನಿಂತಿದ್ದರೆ ಅದರ ಬಾಡಿಗೆ ಕಡಿತವಾಗುತ್ತದೆ. ಆದ್ದರಿಂದ ಬಿಡಿಭಾಗಗಳ ಸಕಾಲಿಕ ಪೂರೈಕೆಗೆ ಇಲ್ಲಿ ನೇರವಾದ ಬೆಲೆಯುಂಟು.

ತೊಡಕಿರುವುದು ವಸೂಲಿಯಲ್ಲಿ. ಸದಸ್ಯ ರಾಷ್ಟ್ರಗಳು ತಮ್ಮ ವಂತಿಗೆಯನ್ನು ಸಕಾಲದಲ್ಲಿ ಕಟ್ಟದಿದ್ದರೆ ಪಡೆ ಕಳುಹಿಸಿದ ರಾಷ್ಟ್ರಗಳಿಗೆ ಬರಬೇಕಾದ ಹಣ ನಿಲ್ಲುತ್ತದೆ. ಇದು ಇಂದಿನ ಸಮಸ್ಯೆಯಲ್ಲ. ಕಾಂಗೋ ಕಾರ್ಯಾಚರಣೆಯ ವೆಚ್ಚಕ್ಕೆ ಹಲವು ರಾಷ್ಟ್ರಗಳು ವಂತಿಗೆ ನಿರಾಕರಿಸಿದಾಗ 1961ರಲ್ಲಿ ವಿಶ್ವಸಂಸ್ಥೆಯು ಶೇ. 2ರ ಬಡ್ಡಿಗೆ 20 ಕೋಟಿ ಡಾಲರುಗಳ ಸಾಲಪತ್ರ ಹೊರಡಿಸಲು ತೀರ್ಮಾನಿಸಬೇಕಾಯಿತು. 2024-25ರಲ್ಲಿ ಸುಮಾರು 560 ಕೋಟಿ ಡಾಲರುಗಳಷ್ಟಿದ್ದ ಶಾಂತಿಪಾಲನಾ ಮುಂಗಡಪತ್ರವು ಬಾಕಿಗಳ ಭಾರದಿಂದ ಸೊರಗಿ, 2025ರ ಅಕ್ಟೋಬರ್‌ನಲ್ಲಿ ಒಂಬತ್ತು ಕಾರ್ಯಾಚರಣೆಗಳಿಂದ ಸುಮಾರು ಕಾಲುಭಾಗದಷ್ಟು ಶಾಂತಿಪಾಲಕರನ್ನು ಹಿಂತೆಗೆಯುವ ನಿರ್ಧಾರ ಪ್ರಕಟವಾಯಿತು. ಉದ್ದರಿ ಮಾರಾಟ ಮಾಡಿ ವಸೂಲಿಗೆ ಅಲೆಯುವ ಸಂಕಟ ರಾಷ್ಟ್ರಗಳಿಗೂ ತಪ್ಪಿದ್ದಲ್ಲ.

ಮಾನವೀಯ ನೆರವು ಮತ್ತು ಮಾರುಕಟ್ಟೆ

ಮಾನವೀಯ ನೆರವು ನಗದಿನಲ್ಲಿ ಕೊಡುವ ದಾನವೆಂಬ ಭಾವನೆ ಸಾಮಾನ್ಯ. ವಸ್ತುತಃ ಅದರ ಬಹುಭಾಗ ಸರಕಾಗಿಯೇ ಹೋಗುತ್ತದೆ. 2001ರ ನಂತರ ಆಫ್ಘಾನಿಸ್ತಾನಕ್ಕೆ ಭಾರತ ಘೋಷಿಸಿದ ಹತ್ತು ಲಕ್ಷ ಟನ್ ಗೋಧಿಯ ಒಂದು ಭಾಗ ಹೆಚ್ಚು ಪೋಷಕಾಂಶವುಳ್ಳ ಬಿಸ್ಕತ್ತುಗಳ ರೂಪದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಶಾಲಾ ಮಕ್ಕಳಿಗೆ ತಲುಪಿತು. 2022ರ ಫೆಬ್ರವರಿ 22ರಂದು 2,500 ಟನ್ ಗೋಧಿ ಹೊತ್ತ 50 ಲಾರಿಗಳು ಅಟಾರಿ ಗಡಿಯಿಂದ ಹೊರಟವು. ಅದು 50,000 ಟನ್ ನೆರವಿನ ಮೊದಲ ಕಂತು.

2022ರ ಶ್ರೀಲಂಕಾ ಬಿಕ್ಕಟ್ಟಿನಲ್ಲಿ ಭಾರತ ಒದಗಿಸಿದ ಸುಮಾರು 400 ಕೋಟಿ ಡಾಲರುಗಳ ನೆರವಿನ ಸ್ವರೂಪ ಇನ್ನಷ್ಟು ಬೋಧಪ್ರದ. ಆಹಾರ, ಔಷಧಿ ಮತ್ತಿತರ ಅಗತ್ಯ ವಸ್ತುಗಳಿಗೆ ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ 100 ಕೋಟಿ ಡಾಲರುಗಳ ಸಾಲ ಸೌಲಭ್ಯಕ್ಕೆ ಅದೇ ಮಾರ್ಚ್‌ನಲ್ಲಿ ಸಹಿಯಾಯಿತು. ಇಂಧನಕ್ಕೆ ಎಕ್ಸಿಮ್ ಬ್ಯಾಂಕಿನ 50 ಕೋಟಿ ಡಾಲರುಗಳ ಸಾಲವಿತ್ತು. ಇಂಥ ಸೌಲಭ್ಯದಲ್ಲಿ ಕೊಳ್ಳುವವನು ಸಂಕಟದಲ್ಲಿರುವ ದೇಶದವನಾದರೂ ಹಣ ಪಾವತಿಯಾಗುವುದು ಭಾರತದ ಬ್ಯಾಂಕಿನಿಂದ. ದಿವಾಳಿಯ ಅಂಚಿನಲ್ಲಿರುವ ಮಾರುಕಟ್ಟೆಗೆ ರಫ್ತು ಮಾಡುವವನಿಗೆ ಇದು ದೊಡ್ಡ ಭರವಸೆ. ನೆರೆರಾಷ್ಟ್ರಗಳಿಗೆ ನೆರವು ಘೋಷಣೆಯಾದಾಗ ಅದು ಅನುದಾನವೋ, ಸಾಲವೋ, ಸರಕಿನ ರೂಪದ್ದೋ ಎಂದು ಮೊದಲು ವಿಚಾರಿಸುವುದು ಲೇಸು.

ಬೇಡಿಕೆಯ ಏರಿಳಿತ

ತುರ್ತು ಬೇಡಿಕೆ ಬಂದಷ್ಟೇ ವೇಗವಾಗಿ ಇಳಿಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳುಂಟು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಬಟ್ಟೆಗಾಗಿ ಮೈಸೂರು ಸಂಸ್ಥಾನದ ರೇಷ್ಮೆಗೆ ಭಾರೀ ಬೇಡಿಕೆ ಬಂದು ನೂಲು ಬಿಚ್ಚುವ ಕಾರ್ಖಾನೆಗಳು ವಿಸ್ತರಿಸಿದವು. ಯುದ್ಧ ಮುಗಿದೊಡನೆ ಆ ಬೇಡಿಕೆ ಕುಸಿಯಿತು. 2020ರಲ್ಲಿ ಕೊರೋನಾ ರಕ್ಷಣಾ ಉಡುಪುಗಳ ಕಥೆಯೂ ಅದೇ. ವರ್ಷದ ಆರಂಭದಲ್ಲಿ ದೇಶದಲ್ಲಿ ಇಂಥ ಉಡುಪುಗಳ ತಯಾರಿಕೆಯೇ ಇರಲಿಲ್ಲವೆನ್ನಬಹುದು. ಮೇ ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಲಕ್ಷ ಉಡುಪುಗಳು ತಯಾರಾಗುತ್ತಿದ್ದವು. ಬೆಂಗಳೂರಿನ ಸಿದ್ಧ ಉಡುಪು ಘಟಕಗಳು ಅದರಲ್ಲಿ ಮುಂಚೂಣಿಯಲ್ಲಿದ್ದವು. ಜೂನ್ ಅಂತ್ಯದವರೆಗೆ ರಫ್ತಿಗೆ ನಿಷೇಧವಿತ್ತು. ಬಳಿಕ ತಿಂಗಳಿಗೆ 50 ಲಕ್ಷದ ಮಿತಿ ಬಂದು, ಆಗಸ್ಟ್‌ನಲ್ಲಿ ಅದೂ ತೊಲಗಿತು. ಅಷ್ಟರಲ್ಲಿ ಉತ್ಪಾದಕರು ಹೆಚ್ಚಿ ಬೆಲೆಗಳು ಇಳಿಮುಖವಾಗಿದ್ದವು. ಸಾಲ ಮಾಡಿ ಹೊಸ ಯಂತ್ರ ತಂದವರಿಗೂ, ಇದ್ದ ಹೊಲಿಗೆ ಯಂತ್ರಗಳನ್ನೇ ಹೊಂದಿಸಿಕೊಂಡವರಿಗೂ ಪರಿಣಾಮ ಒಂದೇ ಆಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ದೀರ್ಘಕಾಲ ಬಾಳುವ ಕೌಶಲ್ಯವನ್ನು ಕೊಡುವ ಮಾರ್ಗವೂ ಉಂಟು. 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಯೋಧರಿಗಾಗಿ ರೂಪಿಸಿದ, ಶೈತ್ಯಾಗಾರವಿಲ್ಲದೆ ತಿಂಗಳುಗಟ್ಟಲೆ ಕೆಡದ ಸಿದ್ಧ ಆಹಾರದ ತಂತ್ರಜ್ಞಾನವನ್ನು ಖಾಸಗಿ ಉದ್ಯಮಗಳಿಗೂ ವರ್ಗಾಯಿಸಿದೆ. ಸೇನೆಯ ಆದೇಶವಿಲ್ಲದ ವರ್ಷದಲ್ಲಿಯೂ ಇಂಥ ಪೊಟ್ಟಣಗಳಿಗೆ ಅಂಗಡಿಗಳಲ್ಲಿ ಗಿರಾಕಿಗಳಿದ್ದಾರೆ.

ಪೂರೈಕೆದಾರರು ಗಮನಿಸಬೇಕಾದ ಅಂಶಗಳು

ಗಲ್ವಾನ್ ಘರ್ಷಣೆಯ ಬಳಿಕ 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯವು 300 ಕೋಟಿ ರೂಪಾಯಿಗಳವರೆಗಿನ ತುರ್ತು ಖರೀದಿಯ ಅಧಿಕಾರವನ್ನು ಸೇನಾಪಡೆಗಳಿಗೆ ನೀಡಿತು. ಆರು ತಿಂಗಳಲ್ಲಿ ಆದೇಶ, ಒಂದು ವರ್ಷದೊಳಗೆ ಪೂರೈಕೆಯ ಆರಂಭ ಎಂಬುದು ಅದರ ಕಟ್ಟಳೆ. ದೊಡ್ಡ ಕಂಪನಿಗೆ ಬಂದ ಇಂಥ ಆದೇಶ ಬಿಡಿಭಾಗಗಳಾಗಿ ಒಡೆದು ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳ ಸಣ್ಣ ಘಟಕಗಳವರೆಗೆ ಬರಬಹುದು. ಅಂಥ ಸಂದರ್ಭದಲ್ಲಿ ಕೆಳಕಂಡ ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ಬಾಯಿಮಾತಿನ ಆದೇಶದ ಮೇಲೆ ಕಚ್ಚಾಮಾಲು ಕೊಳ್ಳಬಾರದು. ಎಷ್ಟೇ ಅವಸರವಿದ್ದರೂ ಲಿಖಿತ ಆದೇಶ, ಬೆಲೆ, ತಪಾಸಣೆಯ ವಿಧಾನ ಮತ್ತು ಪಾವತಿಯ ಅವಧಿ ಕೈಯಲ್ಲಿರಬೇಕು. ಖರೀದಿಯ ಬೆಲೆ ಹೇಗೆ ನಿಗದಿಯಾಯಿತೆಂಬ ದಾಖಲೆಗಳನ್ನು ವರ್ಷಗಟ್ಟಲೆ ಕಾಪಾಡಬೇಕು.

ಎರಡನೆಯದಾಗಿ, ವಿಳಂಬದ ದಂಡವನ್ನು ಬೆಲೆಯಲ್ಲಿ ಎಣಿಸಬೇಕು. ಸರ್ಕಾರಿ ಕರಾರುಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ಶೇ. 0.5ರಂತೆ ಕಡಿತವಿರುತ್ತದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಟೆಂಡರಿನ ಇಸಾರು ಠೇವಣಿಯಿಂದ ವಿನಾಯಿತಿ ಇದ್ದರೂ ಕಾರ್ಯನಿರ್ವಹಣೆಯ ಭದ್ರತಾ ಠೇವಣಿಯನ್ನು ಇಡಬೇಕಾಗುತ್ತದೆ.

ಮೂರನೆಯದಾಗಿ, ಕಾನೂನು ಕೊಟ್ಟ ಹಕ್ಕನ್ನು ಬಳಸಿಕೊಳ್ಳಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ ಒಪ್ಪಂದದಲ್ಲಿ ಏನೇ ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ವಿವಾದವನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಬಹುದು. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ವಾರ್ಷಿಕ ಖರೀದಿಯ ಶೇ. 25ನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂಬ ನಿಯಮವೂ ಉಂಟು. ಇಲ್ಲೊಂದು ಭೇದವನ್ನು ಮರೆಯಬಾರದು: 2021ರಲ್ಲಿ ಸಗಟು ಹಾಗೂ ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಯಿತು. ತಯಾರಿಸಿ ಕೊಡುವವನಿಗಿರುವ ವಿಳಂಬ ಬಡ್ಡಿಯ ರಕ್ಷಣೆ ಕೊಂಡು ಮಾರುವವನಿಗೆ ಇದೆಯೆಂದು ಭಾವಿಸಿ ಉದ್ದರಿ ಕೊಡುವುದು ಅಪಾಯಕರ.

ನಾಲ್ಕನೆಯದಾಗಿ, ಒಂದೇ ಆದೇಶವನ್ನು ನೆಚ್ಚಿ ಶಾಶ್ವತ ಬಂಡವಾಳ ಹೂಡುವ ಮುನ್ನ, ಆ ಯಂತ್ರದಿಂದ ತಯಾರಾಗುವ ವಸ್ತುವಿಗೆ ಶಾಂತಿಕಾಲದ ಗಿರಾಕಿ ಯಾರೆಂದು ಯೋಚಿಸಬೇಕು.

ಉಪಸಂಹಾರ

2025-26ರ ಮುಂಗಡಪತ್ರದಲ್ಲಿ ರಕ್ಷಣೆಗೆ ಒದಗಿಸಿದ ಮೊತ್ತ 6,81,210 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ಮೊದಲೇ ತೆಗೆದಿಟ್ಟರೂ ಅನಿರೀಕ್ಷಿತವು ಬಂದೇ ಬರುತ್ತದೆ. ಬಂದಾಗ ಸರ್ಕಾರ ಖರ್ಚು ಮಾಡಲೇಬೇಕು. ದೇಶದ ರಕ್ಷಣೆಗೂ ನೊಂದವರ ನೆರವಿಗೂ ಆಗುವ ವೆಚ್ಚವನ್ನು ಹೊರೆಯೆಂದು ವ್ಯಾಪಾರ ಸಮುದಾಯ ಎಂದೂ ಬಗೆದಿಲ್ಲ. ಅದು ಕೇಳುವುದು ಎರಡನ್ನು ಮಾತ್ರ. ತುರ್ತಿನ ಹೆಸರಿನಲ್ಲಿ ಬಂದ ತೆರಿಗೆ ತುರ್ತು ತೀರಿದೊಡನೆ ನಿಲ್ಲಲಿ. ತುರ್ತಿನಲ್ಲಿ ಕೊಂಡ ಸರಕಿನ ಹಣ ಅಷ್ಟೇ ತುರ್ತಾಗಿ ಕೈಸೇರಲಿ. ಹಗಲಿರುಳು ದುಡಿದು ನಿಗದಿತ ದಿನಕ್ಕೆ ಕಂಬಳಿ ನೇಯ್ದು ಕೊಟ್ಟವನು ತನ್ನ ಕೆಲಸಗಾರರಿಗೆ ಶನಿವಾರದ ಬಟವಾಡೆಯನ್ನು ಪೂರಕ ಅನುದಾನದವರೆಗೆ ಮುಂದೂಡಲಾರ.